ನಲ್ಲಿಯ ಕೆಳಗೆ

ಊರಿನ ಹೆಸರು ಹಲ್. ನನ್ನ ಕಸುಬು ಹಲ್ಲು.
ನಗಬೇಡಿ, ನಾನಾಗಲೇ ಸಾಕಷ್ಟು ನಕ್ಕಿದ್ದೇನೆ,
ಒಬ್ಬಳೇ, ಇಲ್ಲಿ ಯಾರಿಗೂ ಬಿಡಿಸಿ ಹೇಳಲಾಗದೆ.
ಎಂಟರಿಂದ ನಾಲ್ಕರವರೆಗೆ
ಮೇಣದಲ್ಲಿ ಒಸಡು ತಿದ್ದುತ್ತೇನೆ,
ಕಾಣದ ಬಾಯಿಗಳಿಗೆ ಸಾಲು ಕೂರಿಸುತ್ತೇನೆ.
ಅಚ್ಚು ಬರುತ್ತದೆ. ಡಬ್ಬಿಯ ಮೇಲೊಂದು ನಂಬರು.
ಅಷ್ಟೇ ಪರಿಚಯ.

ಮನೆಯ ಹಿಂದಿನ ಓಣಿಗೆ ಇಲ್ಲಿ ‘ಹತ್ತಡಿ’ ಎನ್ನುತ್ತಾರೆ,
ಅಳೆದರೆ ಒಂಬತ್ತೂ ಇಲ್ಲ.
ಆಚೆ ಸ್ಟಾಥರ್ಸ್ ಮುದುಕ, ಈಚೆ ನಾನು,
ಸಿಮೆಂಟಿನ ಅಂಗಳ, ನಾಲ್ಕು ಚೀಲ ಮಣ್ಣು.
ಮೊಸರಿನ ಖಾಲಿ ಡಬ್ಬಿಗಳಲ್ಲಿ ಮೂರು ಟೊಮೆಟೊ ಸಸಿ ತಂದುಕೊಟ್ಟು
‘ಜೂನ್‌ಗೆ ಮುಂಚೆ ಹೊರಗಿಟ್ಟರೆ ನಿನ್ನ ಜತೆ ಮಾತಿಲ್ಲ’ ಎಂದ.
ಮೇ ಇಪ್ಪತ್ತಕ್ಕೇ ಇಟ್ಟೆ.
ಆ ರಾತ್ರಿ ಹಂಬರ್ ಹೊಳೆಯ ಕಡೆಯಿಂದ ಬಂದ ಗಾಳಿ
ಒಂದರ ಕತ್ತು ಮುರಿಯಿತು.
ಎರಡು ದಿನ ಅವನು ಮಾತಾಡಲಿಲ್ಲ, ಹೇಳಿದ ಹಾಗೆಯೇ.

ಮೂರನೆಯ ದಿನ ಓಣಿ ದಾಟಿ ಬಂದು
ಕಂಕುಳಲ್ಲಿ ಒಡೆಯುವ ಕುಡಿ ಚಿವುಟಲು ಕಲಿಸಿದ.
ಉಗುರಿಗೆ ಹಸಿರು ಹತ್ತಿತು, ಆಮೇಲೆ ಕಪ್ಪಾಯಿತು,
ಸಾಬೂನಿಗೆ ಜಗ್ಗಲಿಲ್ಲ.
ನಮ್ಮ ಸೋದರತ್ತೆ ಚಂಪಕ್ಕ ಇದನ್ನು ಚಪ್ಪರಬದನೆ ಎಂದು ಕರೆದು
ಅಡುಗೆಮನೆಯ ಹೊಸಿಲು ದಾಟಿಸುತ್ತಿರಲಿಲ್ಲ;
ಅದರ ಕೆಂಪು ಕಂಡರೆ ಮೈ ಜುಮ್ಮೆನ್ನುತ್ತದಂತೆ,
ಸಾರಿಗೆ ಹುಣಸೆಯೇ ಸೈ.
ನಾನೋ, ಒಂದು ಕೆಂಪಿಗಾಗಿ ಸ್ವೆಟರು ಹಾಕಿ ಕಾದೆ.

ಜುಲೈ ಪೂರ್ತಿ ಹಸಿರು. ಆಗಸ್ಟೂ ಹಸಿರು.
ಹಲ್ಲಿನ ಬಣ್ಣಕ್ಕೆ ನನ್ನ ಮೇಜಿನಲ್ಲಿ ಹದಿನಾರು ಛಾಯೆಯ ಪಟ್ಟಿಯಿದೆ.
ಕಾಯಿಗೆ ಎಷ್ಟು? ಸಂಜೆ ಸಂಜೆ ಎಣಿಸಿದೆ:
ನೀರುಮಜ್ಜಿಗೆ, ತೊಳೆಯದ ಹಿತ್ತಾಳೆ,
ಗಿಣಿಮೂತಿ ಮಾವಿನ ತುದಿ,
ಆಮೇಲೆ ಒಂದು ಬೆಳಗ್ಗೆ, ನಾನು ಬಸ್ಸಿಗೆ ಓಡುವಾಗ,
ಕೆಂಪು.

ಮೊದಲ ಹಣ್ಣು ಸಸಿ ಕೊಟ್ಟವನಿಗೇ ಸಲ್ಲಬೇಕು.
ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ –
ನಮ್ಮ ಗಾದೆಯನ್ನು ಅವನ ಭಾಷೆಗೆ ಎಳೆದು ತಂದೆ,
ಕುಂಟುತ್ತ ಬಂತು. ಅವನು ನಗಲಿಲ್ಲ.
ಉಪ್ಪು ಚಿಮುಕಿಸಿ, ನಿಂತೇ, ಸೇಬು ಕಚ್ಚುವಂತೆ ಕಚ್ಚಿದ.
ರಸ ಮೊಣಕೈವರೆಗೆ ಇಳಿಯಿತು.
ಆಗ ಕಂಡೆ. ಮೇಲಿನ ಸಾಲು, ಎಡಗಡೆಯ ಕೋರೆ,
ತುಸು ತಿರುಚಿ ಕೂರಿಸಿದ್ದು,
ತೀರಾ ನೇರವಾದರೆ ಸುಳ್ಳೆಂದು ಕಾಣುತ್ತದೆ ಅಂತ,
ನಾನೇ, ಹೋದ ಫೆಬ್ರವರಿಯಲ್ಲಿ.

ಹೇಳಲಿಲ್ಲ. ಹೇಗೆ ಹೇಳುವುದು,
ನಿನ್ನ ನಗು ಎರಡು ವಾರ ನನ್ನ ಮೇಜಿನ ಮೇಲಿತ್ತು ಎಂದು?
ಅಷ್ಟರಲ್ಲಿ ಅವನೇ ಮುಖ ಕಿವುಚಿದ:
‘ಹಾಳಾದ ಬೀಜ, ಹಲ್ಲಿನಡಿ ಸೇರಿತು.
ಇದನ್ನು ಕಟ್ಟಿದವನು ಕುರುಡನಿರಬೇಕು.’
ಸಂಕೋಚವಿಲ್ಲದೆ ತೆಗೆದು ಅಂಗಳದ ನಲ್ಲಿಗೆ ಹಿಡಿದ.
ಕೆನ್ನೆ ಒಳಸರಿದು ನೂರು ವರ್ಷದವನಾದ,
ಮತ್ತೆ ಹಾಕಿಕೊಂಡು ಎಪ್ಪತ್ತೊಂಬತ್ತಕ್ಕೆ ಮರಳಿದ.
‘ಇನ್ನೊಂದಿದೆಯಾ?’ ಎಂದ.

ಅಕ್ಟೋಬರ್‌ನಲ್ಲಿ ರೋಗ ಬಡಿದು ಎರಡೂ ಗಿಡ ಕರಕಲಾದವು.
ಉಳಿದ ಕಾಯಿ ಗೊಜ್ಜಾಯಿತು; ಮೆಂತ್ಯ ಹೆಚ್ಚಾಗಿ ಕಹಿ.
ಅರ್ಧ ಬಾಟಲಿ ಅವನಿಗೆ. ಬಾಟಲಿ ತೊಳೆದು ಮರಳಿಸಿದ,
ರುಚಿಯ ಬಗ್ಗೆ ಒಂದು ಮಾತೂ ಇಲ್ಲ.

ಈ ಮೇ ತಿಂಗಳು
ಅವನ ನಲ್ಲಿಯ ಕೆಳಗೆ, ಗಟಾರದ ಜಾಲರಿಯ ಮೂರನೆಯ ಕಂಡಿಯಿಂದ
ಎರಡು ಎಲೆ ಎದ್ದಿವೆ.
ಕನ್ನಡಕವಿಲ್ಲದೆ, ಕಳೆಯೆಂದುಕೊಂಡು,
ಸೊಂಟ ಹಿಡಿದು ನಿಧಾನ ಬಗ್ಗುತ್ತಿದ್ದಾನೆ ಕೀಳಲು.
‘ತಡಿ!’ ಎಂದು ಕೂಗಿದೆ ಹತ್ತಡಿಯ ಈಚೆಯಿಂದ,
ಅವಸರಕ್ಕೆ ಕನ್ನಡವೇ ಬಂತು.

ಬಗ್ಗಿದಲ್ಲೇ ನಿಂತ.